ನೀರಿನ ಬದಿ

ಇಲ್ಲಿ ಮಕ್ಕಳನ್ನು ಬಟ್ಟೆ ತೊಡಿಸಿಯೇ ನೀರಿಗಿಳಿಸುತ್ತಾರೆ.
ತುಂಬುತೋಳಿನ ಅಂಗಿ, ಜೀನ್ಸು, ಕಾಲಿಗೆ ಬೂಟು.
ಯಾಕೆಂದು ಕೇಳಿದ್ದೆ, ಮೊದಲ ದಿನ.
"ಕಾಲುವೆಗೆ ಬೀಳುವವರು ಯಾರೂ
ಈಜುಡುಗೆ ಹಾಕಿಕೊಂಡು ಬೀಳುವುದಿಲ್ಲವಲ್ಲ"
ಎಂದ ಮಾಸ್ತರ, ಉದ್ದನೆ ಕೋಲು ಹಿಡಿದವನು.

ಇವತ್ತು ಪರೀಕ್ಷೆ. ಶನಿವಾರ, ಎಂಟೂವರೆ.
ಪಾಳಿ ಬದಲಿಸಿಕೊಂಡು ನೇರ ಇಲ್ಲಿಗೇ ಬಂದಿದ್ದೇನೆ.
ಕೂದಲಲ್ಲಿನ್ನೂ ಸಕ್ಕರೆ ಕಾರ್ಖಾನೆಯ ವಾಸನೆ,
ಬೀಟ್‌ಗೆಡ್ಡೆ ಕುದಿದದ್ದು;
ಬೆಲ್ಲವೆಂದುಕೊಂಡರೆ ಬೆಲ್ಲ, ಕೆಸರೆಂದರೆ ಕೆಸರು.
ಗಾಜಿನ ಈಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು,
ಆಚೆ ಕ್ಲೋರಿನ್ನಿನ ನೀಲಿಯ ಅಂಚಿಗೆ ನಮ್ಮ ಜಲಜ,
ಸರದಿಯಲ್ಲಿ ಏಳನೆಯವಳು.

ಶಾಲೆಯಲ್ಲಿ ಅವಳು ಯಲಯ.
ಡಚ್ಚರ ಬಾಯಲ್ಲಿ ಜಕಾರವೆಲ್ಲ ಯಕಾರ.
ಮೊನ್ನೆ ಫೋನಿನಲ್ಲಿ ತಾನೇ ಹಾಗೆ ಹೇಳಿಕೊಂಡಳು,
ಬೇರೆ ಯಾರದೋ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಹೋಗಿಬರುವ ಹಾಗೆ, ಸಲೀಸಾಗಿ.
ನನ್ನಮ್ಮನ ಹೆಸರು ಕಣೇ, ನೀರಲ್ಲಿ ಹುಟ್ಟಿದವಳು ಅಂತ ಅರ್ಥ, ಎಂದೆ.
"ನಾನು ಆಸ್ಪತ್ರೇಲಿ ಹುಟ್ಟಿದ್ದಲ್ವಾ?"

ಪಕ್ಕದ ಮನೆಯ ಹೆಂಡ್ರಿಕಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು.
ಡಬ್ಬಿ ತೆರೆದು ಒಂದು ಬಿಸ್ಕತ್ತು.
ಡಬ್ಬಿ ಮುಚ್ಚಿದಳು.
ಹನ್ನೊಂದು ವರ್ಷವಾಯಿತು, ಆ ಟಪ್ಪೆನ್ನುವ ಸದ್ದಿಗೆ
ಈಗಲೂ ನನ್ನ ಕೈ ಅರ್ಧ ಚಾಚಿ ನಿಂತುಬಿಡುತ್ತದೆ.
ಜಿಪುಣತನವಲ್ಲ ಅದು, ಗೊತ್ತು.
ನಾನು ಜ್ವರ ಹಿಡಿದು ಮಲಗಿದ ಎರಡು ವಾರ
ಮಗಳನ್ನು ಸೈಕಲ್ಲಿನ ಮುಂಪೆಟ್ಟಿಗೆಯಲ್ಲಿ ಕೂರಿಸಿ
ಜಡಿಮಳೆಯಲ್ಲಿ ಶಾಲೆಗೆ ಬಿಟ್ಟವಳು ಇವಳೇ.
ಕೊನೆಯ ದಿನ ಫೋನಿಗೆ ಲೆಕ್ಕ ಬಂತು:
ಬ್ರೆಡ್ಡಿಗೆ ನಾಲ್ಕು ಯೂರೋ ಇಪ್ಪತ್ತು ಸೆಂಟು,
ಜೊತೆಗೊಂದು ಸೂರ್ಯಕಾಂತಿಯ ಚಿತ್ರ, ಬೇಗ ಹುಷಾರಾಗು.
ಎರಡನ್ನೂ ಒಂದೇ ಮನಸ್ಸಿನಿಂದ ಮಾಡಬಹುದೆಂದು
ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಏನೇನೋ ಕಲಿತೆ ಆಮೇಲೆ.
ಕಾಗದದ ಕಸ ಎರಡನೇ ಮಂಗಳವಾರ.
ಯಾರದೋ ಹುಟ್ಟುಹಬ್ಬಕ್ಕೆ ಅವರ ಅಜ್ಜಿಗೂ ಕೈಕುಲುಕಿ ಶುಭಾಶಯ.
ಹುಟ್ಟುಹಬ್ಬದ ಕ್ಯಾಲೆಂಡರು ಕಕ್ಕಸಿನ ಗೋಡೆಗೆ,
ಆದರೆ ಅದರಲ್ಲಿ ಅತ್ತೆಯ ಹೆಸರು ಬರೆಯಲು ಕೈ ಬರಲಿಲ್ಲ.
ದೀಪ ಹಚ್ಚಿದ ಮೇಲೂ ಪರದೆ ಎಳೆಯದೆ ಇರುವುದು,
ಊಹೂಂ, ಅದು ಇನ್ನೂ ಆಗಿಲ್ಲ.
ನಾನು ಒಗ್ಗರಣೆ ಹಾಕುವುದನ್ನು ಬೀದಿ ಯಾಕೆ ನೋಡಬೇಕು?

ಸೀಟಿ.
ಹಾರಿಯೇಬಿಟ್ಟಳು.
ಅಂಗಿ ಗಾಳಿ ತುಂಬಿ ಬೆನ್ನ ಮೇಲೆ ಗುಡ್ಡದಂತೆ ಉಬ್ಬಿ
ನಿಧಾನ ಕುಸಿಯಿತು.
ಹದಿನೈದು ಸೆಕೆಂಡು ನಿಂತಲ್ಲೇ ಕಾಲು ಬಡಿಯಬೇಕು.
ಎಣಿಸಿದೆ. ಒಂಬತ್ತಾದ ಮೇಲೆ
ಎಣಿಕೆ ಯಾವ ಭಾಷೆಗೆ ಹೊರಳಿತೋ ತಿಳಿಯದು.
ತೇಲುಹಾಸಿನ ಅಡಿಗೆ ನುಸುಳಿದಳು.
ಬರೀ ನೀಲಿ.
ನನ್ನ ಮೊಣಕೈ ಹೆಂಡ್ರಿಕಾಳ ಮುಷ್ಟಿಯಲ್ಲಿತ್ತು.

ನಾನು ಈ ದೇಶಕ್ಕೆ ಬಿದ್ದದ್ದೂ ಬಟ್ಟೆ ತೊಟ್ಟೇ.
ಜನವರಿ, ಚೂಡಿದಾರದ ಮೇಲೆ ಗಂಡನ ಜಾಕೆಟ್ಟು,
ಎದೆಗವಚಿದ ಮಿಕ್ಸಿ.
ಅದರ ಪ್ಲಗ್ಗು ಇಲ್ಲಿನ ಯಾವ ತೂತಿಗೂ ಹೊಂದಲಿಲ್ಲ.

ಎದ್ದಳು, ಆ ಬದಿಯಲ್ಲಿ,
ಒಂದು ಬೂಟು ಕಳಕೊಂಡು.
ಮಾಸ್ತರ ಅದನ್ನು ಕೋಲಿನಿಂದ ಎತ್ತಿ ಹಿಡಿದಾಗ
ಹುಡುಗರೆಲ್ಲ ನಕ್ಕರು, ಅವಳೇ ಎಲ್ಲರಿಗಿಂತ ಜೋರು.

ಮನೆಗೆ ಹೋಗುವುದು ಕಾಲುವೆಯ ದಂಡೆಗುಂಟ.
ಎರಡು ಸೈಕಲ್ಲು; ತೊಟ್ಟಿಕ್ಕುವ ಚೀಲ ನನ್ನ ಹಿಂದೆ.
ಇಷ್ಟು ವರ್ಷ ನೀರಿನ ಬದಿಗೆ ನಾನೇ ಇರುತ್ತಿದ್ದೆ,
ಈಜು ಬಾರದವಳು,
ಬಿದ್ದರೆ ಏನು ಮಾಡುತ್ತಿದ್ದೆನೆಂದು ಯೋಚಿಸದೆ.
ಸೇತುವೆ ದಾಟಿದ ಮೇಲೆ ಗಂಟೆ ಬಾರಿಸಿ ಹಿಂದಿನಿಂದ ಬಂದಳು.
"ಅಮ್ಮ, ನೀನು ಆ ಕಡೆ ಹೋಗು.
ಈ ಕಡೆ ನಾನಿರ್ತೀನಿ."