ಪಡುವಲ ಗ್ವಾಡಿ

ಖಡಕಿಯ ಆ ಬಂಗಲೆಗೆ ತೊಂಬತ್ತು ವರ್ಷಾತು ಅಂದರು
ನಾಯಿ ಡಾಕ್ಟರ್ ಗುಲ್‌ಚೆಹೆರ್ ಬಾಯಿ.
ಇಟ್ಟಂಗಿ, ಸುಣ್ಣ, ಬೆಲ್ಲದ ನೀರು,
ಮ್ಯಾಲ ನಾಕು ಸಲ ಬಳದ ಬಣ್ಣ, ನಾಕೂ ಹಳದಿ.
ಪಡುವಲ ಖೋಲಿಯಾಗ ಜಡ್ಡು ಬಿದ್ದ ನಾಯಿಗಳು.
ಏಪ್ರಿಲ್‌ದಾಗ ಹೊತ್ತು ಮುಳುಗಿ
ಊರೆಲ್ಲಾ ತಣ್ಣಗಾದ ಮ್ಯಾಲೂ
ಆ ಗ್ವಾಡಿ ಒಂದ ರಾತ್ರಿ ಎರಡರ ತನಕ
ಉಂಡ ಬಿಸಿಲು ಕಾರತಿತ್ತಂತ.
ನಾಲಿಗಿ ಚಾಚಿ ತೇಕತಾವ, ನೋಡಾಕಾಗೂದಿಲ್ಲ,
ಇದಕ್ಕೊಂದು ಅಂಗಿ ಹೊಲಿ ಯಮನೂರಾ, ಅಂದರು.

ಮೊದಲ ಗುಂಡು ಬಿಟ್ಟು ನೋಡಿದೆ.
ಹಳೇ ಗ್ವಾಡಿ ನೆಟ್ಟಗಿರೂದಿಲ್ಲ, ಯಾವುದೂ.
ಇದು ಐದು ತಿಂಗಳ ಬಸರಿಯಂಗ
ನಡುವ ಎರಡು ಬೆರಳು ಮುಂದ ಬಂದಿತ್ತು.
ತಗ್ಗಿದ್ದಲ್ಲಿ ಚಕ್ಕಿ ತುರುಕಬೇಕು,
ಉಬ್ಬಿದ್ದಲ್ಲಿ ಸುಮ್ಮನಿರಬೇಕು,
ಮ್ಯಾಲಿನ ಹಲಗಿ ಮಾತ್ರ ಸೂತಿನಾಗ ನಿಲ್ಲಬೇಕು.
ನೋಡಾವರು ಹಲಗಿ ನೋಡತಾರ.

ಒಳಗ ತುಂಬೂದು ಕಲ್ಲಿನ ಉಣ್ಣಿ.
ಹುಸೇನಸಾಬ ಮೊಣಕೈ ಕೆರಕೋತ ಕೇಳಿದ:
ಇದನ್ನ ಯಾವ ಕುರಿ ಕೊಟ್ಟಿತೋ ಮಾರಾಯಾ?
ನಾಯಿ ಮನಿಯಾಗ ಎಲ್ಲಾ ಉಣ್ಣಿನ, ಅಂದೆ.
ಬಾಯಿಗೆ ತಿಳೀಲಿಲ್ಲ. ಆದರೂ ನಕ್ಕರು.

ಮೂರನೇ ದಿನ, ಕಿಟಕಿಯ ಎಡಕ,
ಪೊಳ್ಳು ಬಿದ್ದ ಗಿಲಾವು ಕೆರಿಯಾಕ ಕುಂತೆ.
ಹಳದಿ ಹೋತು, ಅದರ ಬುಡಕಿನ ಹಳದಿ ಹೋತು,
ತಳದ ಸುಣ್ಣದಾಗ ಗೀರು ಎದ್ದವು.
ಬಿರುಕು, ಅಂದ ಮುಕಾದಮ ಶೇಳಕೆ.
ಬಿರುಕು ಹಿಂಗ ಸಾಲು ಹಿಡಿಯೂದಿಲ್ಲ.
ನೀರು ಗೊಜ್ಜಿ ಅರಿಬಿಲೇ ಒರಸಿದೆ.

ಗದಿಗೆವ್ವ ೬
ದ್ಯಾಮವ್ವ ೬
ತಿಪ್ಪ ೬
ಹುಚ್ಚವ್ವ ೫॥

ನಮ್ಮ ಆರು. ನಮ್ಮ ಐದು.
ಕುಷ್ಟಗಿ ಕಡೆ ಸಾಲಿ ಬಿಟ್ಟ ಮ್ಯಾಲ
ಇವನ್ನ ಹಿಂಗ ಎದುರಾ ಎದುರ ಕಂಡಿದ್ದಿಲ್ಲ.
ಕೊನೀಗಿನ ಎರಡು ನಿಂತ ಗೆರಿ ಅಂದ್ರ ಅರ್ಧ.
ಅಜ್ಜ ಜ್ವಾಳದ ಲೆಕ್ಕಾ ಹಂಗ ಬರೀತಿದ್ದ.

ಓದಿ ಹೇಳು, ಅಂದರು ಬಾಯಿ. ಓದಿದೆ.
ಮತ್ತೊಮ್ಮೆ, ಅಂದರು. ಹೆಸರು ಬಾಯಾಗ ಹಿಡಿದು ನೋಡಿದರು,
ಹುಚ್ಚವ್ವ, ಹುಚ್ಚವ್ವ.
ಆಕಿ ಉಳಿದ ಅರ್ಧ ದಿನ ಏನ್ ಮಾಡಿದಳು?
ನನಗೇನು ಗೊತ್ತು.
ಕೂಸಿಗೆ ಮೈ ಬಿಸಿ ಇದ್ದೀತು.
ಕಾಲಾಗ ಮೊಳಿ ನಟ್ಟೀತು.
ಸುಮ್ಮನ ಹೊಳಿ ನೋಡಾಕ ಹೋಗಿದ್ದಾಳು,
ಮುಳಾ ನದಿ ಆವಾಗ ನೋಡೂವಂಗ ಇತ್ತೇನೋ.

ಇದೊಂದು ಜಾಗಾ ಬಿಟ್ಟು ಗಾಜು ಕೂಡಿಸಲಾ, ಅಂದರು.
ಅಲ್ಲಿಂದಲೇ ಬಿಸಿಲು ಒಳಗ ಬರತೈತ್ರಿ ಬಾಯಿ,
ನೂರು ಗುಂಡಿ ಹಾಕಿ ಎದಿ ಮುಂದಿಂದು ಬಿಟ್ಟಂಗ.
ಒಳಗ ಒಂದು ಮುದಿ ನಾಯಿ ಕೆಮ್ಮಿತು.
ಬಾಯಿ ಗೀರಿನ ಮ್ಯಾಲ ಅಂಗೈ ಇಟ್ಟು ತಗದರು,
ಸುಟ್ಟಿರಬೇಕು, ಆವಾಗ ಮೂರು ಗಂಟೆ.
ಮುಚ್ಚು, ಅಂದರು.

ಮುಚ್ಚೂದು ಒಂದು ತಾಸಿನ ಕೆಲಸ.
ಆದ್ರ ಆ ಉಣ್ಣಿ ಹಿಡಿಯಾಕ ಉದ್ದ ಮೊಳಿ ಬೇಕು,
ಮೊಳಿಗೆ ತೂತು ಬೇಕು,
ನಕ್ಷೆದಾಗಿನ ಒಂದು ತೂತು ಸೀದಾ ದ್ಯಾಮವ್ವನ ಹೊಟ್ಟಿಗೆ,
ಇನ್ನೊಂದು ತಿಪ್ಪನ ಆರಕ್ಕ.
ಮರುದಿನ ಟೇಪ್ ಹಿಡಿದು ಮತ್ತ ಅಳದೆ.
ಪಟ್ಟಿ ಕಿತ್ತು ಮೂರು ಬೆರಳು ಆಕಡೆ ಬಡದೆ,
ಅದಕ್ಕ ತಕ್ಕಂಗ ಪಕ್ಕದ್ದು, ಅದರ ಪಕ್ಕದ್ದು,
ಹಲಗಿ ಎಲ್ಲಾ ಮತ್ತ ಕೊಯ್ಯೂದಾತು.
ತೆಳ್ಳಗ ಸುಣ್ಣ ಕಲಸಿ ಗೀರು ತುಂಬಿದೆ,
ಮ್ಯಾಲ ಒಂದು ಹಳೇ ಧೋತರದ ತುಂಡು.
ಹುಸೇನಸಾಬ ಏನೂ ಕೇಳಲಿಲ್ಲ,
ಡ್ರಿಲ್ ಎತ್ತಿ ಕೊಟ್ಟ, ಬೀಡಿ ಹಚ್ಚಿದ.

ಸಂಜಿಗೆ ಶೇಳಕೆ ಹಲಗಿ ಎಣಿಸಿದ.
ಹದಿನಾಕು ಆಗಬೇಕಿತ್ತು. ಏಳು.
ಗ್ವಾಡಿ ನೋಡಿದ, ನನ್ನ ನೋಡಿದ,
ಮೊಬೈಲ್ ತಗದು ನನ್ನ ಹೆಸರಿನ ಮುಂದ ಒತ್ತಿದ:
ಸೊನ್ನಿ, ಚುಕ್ಕಿ, ಐದು.