ಮಲಗಿ ನೋಡಿ ಕೊಂಡದ್ದು

ಟ್ಯಾನರಿ ರಸ್ತೆಯ ಹಿಂದೆ ಖಲಂದರ್ ಸಾಬರ ಗುಜರಿ.
ಹರಾಜಿನಲ್ಲಿ ಬಂದ ಮಿಲಿಟರಿ ಗಾಡಿಗಳು
ಬೇವಿನ ಕೆಳಗೆ, ಟೈರಿಲ್ಲದೆ, ಇಟ್ಟಿಗೆಯ ಮೇಲೆ ನಿಂತಿವೆ
ಪಿಂಚಣಿ ಕಚೇರಿಯ ಸಾಲಿನ ಹಾಗೆ.

"ಓಡ್ಸೋಕಾ ಮೇಡಂ, ತೋರ್ಸೋಕಾ?"
ಮದುವೆ ಮೆರವಣಿಗೆಗೆ ಒಯ್ಯುವವರಿದ್ದಾರಂತೆ,
ಸಿನಿಮಾದವರು ಕೊಂಡು ಸುಡುವುದೂ ಉಂಟಂತೆ.
"ಮಲಗೋಕೆ" ಅಂದೆ.
ಬಾಯಿಂದ ಬೀಡಿ ತೆಗೆದರು.
"ಮಲಗೋಕೆ" ಎಂದು ತಮಗೇ ಹೇಳಿಕೊಂಡರು,
ಸಿಗದ ಬಿಡಿಭಾಗವೊಂದರ ಹೆಸರು ನೆನೆಯುವಂತೆ.

ಕೊರಳಲ್ಲಿ ಟೇಪು. ಅಭ್ಯಾಸ.
ಇಪ್ಪತ್ತಾರು ವರ್ಷ ಸ್ಕೂಲ್ ಯೂನಿಫಾರಂ ಹೊಲಿದವಳು.
ನನ್ನ ಉದ್ದ ಅರವತ್ತೊಂದು ಇಂಚು.
ಚದರಡಿಗೆ ಇಷ್ಟು ಎನ್ನುವ ಈ ಊರಲ್ಲಿ
ಹನ್ನೊಂದು ಮನೆ ನೋಡಿದೆ; ಹನ್ನೊಂದರಲ್ಲೂ
ಜೊತೆಗೆ ಯಾರಿದ್ದಾರೆ ಅಂದರು.

ಮೊದಲು ಜೋಂಗಾ.
ನೇರ ಮಲಗಿದರೆ ಚಕ್ರದ ಗೂಡು ಸೊಂಟಕ್ಕೆ,
ಮೂಲೆಯಿಂದ ಮೂಲೆಗೆ ಮಲಗಿದರೆ ಹೆಬ್ಬೆರಳು ಬಾಗಿಲಾಚೆ.
ನೋಡಲು ಮಾತ್ರ ಚೆಂದ.
ಚೆಂದದವನ ಪಕ್ಕ ಒಂಬತ್ತು ವರ್ಷ ಮಲಗಿದ್ದೇನೆ,
ಕಾಲು ಮಡಿಚಿಕೊಂಡು. ಸಾಕು.

ಆಮೇಲೆ ಶಕ್ತಿಮಾನ್.
ಹತ್ತಲು ಏಣಿ ಬೇಕು, ಇಳಿಯಲು ದೇವರು.
ಎರಡೂ ಬದಿಗೆ ಜವಾನರು ಕೂರುವ ಹಲಗೆ,
ನಡುವೆ ಚಾಪೆ ಹಾಸಿ ಮಲಗಿದೆ:
ಇಪ್ಪತ್ತು ಜೊತೆ ಮೊಣಕಾಲು ನನ್ನನ್ನೇ ನೋಡಿದಂತಾಯಿತು.
ತಾಡಪಾಲಿನ ಹೊಲಿಗೆ ಮುಟ್ಟಿ ನೋಡಿದೆ,
ಇಂಚಿಗೆ ಆರು, ಎರಡೆಳೆ ನೂಲು. ಯಾರದೋ ಒಳ್ಳೆಯ ಕೈ.
ಬೇಡ ಎನ್ನಲು ಮನಸ್ಸು ಬರಲಿಲ್ಲ, ಆದರೆ
ಹಲಸೂರಿನ ವಿನಿಫ್ರೆಡ್ ಟೀಚರಮ್ಮ ಕೊಟ್ಟ ಜಾಗದ
ಗೇಟು ಏಳೂವರೆ ಅಡಿ.
ಅವರ ಮಾವಿನ ಕೊಂಬೆ ಅದಕ್ಕೂ ತಗ್ಗು.

ಮೂಲೆಯಲ್ಲೊಂದು ಆಂಬುಲೆನ್ಸು.
ಕೆಂಪು ಶಿಲುಬೆಯ ಮೇಲೆ ಹಸಿರು ಬಳಿದಿದ್ದಾರೆ;
ಮಧ್ಯಾಹ್ನದ ಬಿಸಿಲಿಗೆ ಅದು ಮೇಲೇಳುತ್ತದೆ
ಬಿಳಿ ಅಂಗಿಯ ಇಂಕಿನ ಕಲೆಯಂತೆ, ಎಷ್ಟು ಒಗೆದರೂ.
"ಅದು ಬಿಡಿ ಮೇಡಂ. ಯಾರ್ಯಾರು ಮಲಗಿದ್ರೋ."
ಟೇಪು ಬಿಟ್ಟೆ. ಎಪ್ಪತ್ತೆಂಟು ಇಂಚು.
ಈ ಗುಜರಿಯಲ್ಲೆಲ್ಲ ಇದೊಂದನ್ನೇ
ಮಲಗುವವರ ಅಳತೆಗೆ ಹೊಲಿದಿರುವುದು.

ಒಳಗೆ ಸ್ಟ್ರೆಚರಿನ ಕೊಕ್ಕೆಗಳು, ತುಕ್ಕು, ಪಾರಿವಾಳದ ಗರಿ.
ಮಲಗಿದೆ,
ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ಉಸಿರು ಹಿಡಿದು.
ನರಳುವ ಸದ್ದು ಕೇಳೀತೆಂದು ಕಾದೆ.
ಪಕ್ಕದ ಶೆಡ್ಡಿನ ಗ್ರೈಂಡರು ಕೇಳಿತು,
ಯಾರೋ ಯಾರನ್ನೋ ಊಟಕ್ಕೆ ಕರೆದದ್ದು ಕೇಳಿತು.
ಮಗ್ಗುಲಾದಾಗ ಬೆರಳಿಗೆ ಸಿಕ್ಕಿತು, ನೆಲದ ತಗಡಿನಲ್ಲಿ ಗೀರು:
ಅಡ್ಡ ಐದು ಮನೆ, ಉದ್ದ ಐದು,
ನಾಲ್ಕು ಬದಿಗೂ ನಡುವಿಗೂ ಕತ್ತರಿ ಗುರುತು.

ಚೌಕಾಬಾರ!

ನಮ್ಮ ಕಡೆಯ ಯಾವನೋ ಡ್ರೈವರು
ಕೆಲಸವಿಲ್ಲದ ಮಧ್ಯಾಹ್ನ ಮೊಳೆಯಿಂದ ಕೊರೆದಿದ್ದಾನೆ.
ಕವಡೆ ಊರಿಂದ ತಂದಿದ್ದನೋ, ತೇಯ್ದ ಹುಣಸೆಬೀಜವೋ.
ಎದುರು ಕೂತವನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ.
ನಡುಮನೆ ಮಾತ್ರ ನುಣ್ಣಗೆ ಸವೆದಿದೆ.
ಅಂದರೆ ಬಹಳ ಕಾಯಿ ಹಣ್ಣಾಗಿವೆ ಇಲ್ಲಿ,
ಅಂದರೆ ಬಹಳ ದಿನ ಯಾರಿಗೂ ಏನೂ ಆಗಿಲ್ಲ.

"ಎಂಜಿನ್ ಇಲ್ಲ ಮೇಡಂ, ಗೇರ್‌ಬಾಕ್ಸೂ ಮಾರ್ಬಿಟ್ಟೆ."
"ನಾನೆಲ್ಲಿಗೂ ಹೋಗ್ತಿಲ್ಲವಲ್ಲ."
ತೊಂಬತ್ತು ಸಾವಿರ ಅಂದರು, ಅರವತ್ತು ಅಂದೆ.
ಚಹಾ ಬಂತು. ಎಪ್ಪತ್ತೊಂದಕ್ಕೆ ನಿಂತಿತು,
ಶಕ್ತಿಮಾನಿನ ತಾಡಪಾಲೂ ಸೇರಿ.

ಮಂಗಳವಾರ ಕ್ರೇನು.
ಪರದೆಗೆ ಐದನೇ ಕ್ಲಾಸಿನ ನೀಲಿ ಚೆಕ್ಸು ನಾಲ್ಕು ಮೀಟರ್ ಉಳಿದಿದೆ.
ಕವಡೆ ನಾಲ್ಕು ಹುಡುಕಬೇಕು.
ಟೀಚರಮ್ಮನಿಗೆ ಆಟ ಬರುತ್ತದಾ, ಕೇಳಬೇಕು.