ನಂಬರಿಲ್ಲದ ಬಣ್ಣ

ನೋಂದಣಿ, ಖಾತೆ, ಪತ್ರ ಬರೆದವನ ಫೀಸು,
ಬೆಚ್ಚಗಾಗಬೇಕಿದ್ದ ಒಂದೆರಡು ಕೈ,
ಸಾಕ್ಷಿಗೆ ಬಂದವರಿಗೆ ಮಸಾಲೆ ದೋಸೆ,
ಎಲ್ಲ ಕಳೆದು ಉಳಿದದ್ದು
ಒಂಬತ್ತು ಸಾವಿರದ ಇನ್ನೂರ ನಲವತ್ತು.
ಗ್ಯಾಸಿನ ರಸೀದಿಯ ಬೆನ್ನ ಮೇಲೆ ಬರೆದು
ಕೆಳಗೆ ಎರಡು ಗೆರೆ ಎಳೆದೆ,
ಗೆರೆ ಎಳೆದರೆ ದುಡ್ಡು ನಿಲ್ಲುತ್ತದೆ ಎಂಬಂತೆ.

ಮೊದಲು ಇದು ಬಾಬಾಜಾನ್ ಸಾಹೇಬರದು.
ಮನೆ ಅನ್ನುವಂತಿಲ್ಲ, ನೂಲು ಬಿಚ್ಚುತ್ತಿದ್ದ ಜಾಗ.
ಇಪ್ಪತ್ತೆರಡು ವರ್ಷ ಗೂಡು ಬೆಂದ ಹಬೆ
ಸೂರಿನ ಮೇಲೆ ಕಂದು ಕಂದಾಗಿ
ಯಾವುದೋ ದೇಶದ ನಕ್ಷೆ ಬಿಡಿಸಿದೆ.
ಹೊಗೆಕೊಳವೆ ಕಿತ್ತಲ್ಲಿ ದುಂಡನೆ ತೂತು;
ಒಂದು ಬಿಸಿಲಿನ ಬಿಲ್ಲೆ ಅದರಿಂದ ಇಳಿದು
ಮಧ್ಯಾಹ್ನದವರೆಗೆ ನೆಲದ ಮೇಲೆ ತೆವಳುತ್ತದೆ.
ವಾಸನೆ?
ಶಿಡ್ಲಘಟ್ಟದವಳಿಗೆ ಹುಳುವಿನ ನಾತ ಹೊಸದೇ?
ಬೀದಿಯಲ್ಲಿದ್ದಾಗ ಅದು ಊರಿನದು,
ಮಲಗುವ ಕೋಣೆಯಲ್ಲಿ ನಮ್ಮದು.

ಅಂಗಡಿಯಲ್ಲಿ ಬಣ್ಣದ ಪುಸ್ತಕ ಬಿಚ್ಚಿದರೆ
ನವಿಲು ಗರಿಗೆದರಿದ ಹಾಗೆ.
ಬೆಲೆ ಕೇಳಿ, ಮಡಿಸಿಟ್ಟೆ.
ಶೆಟ್ಟರು ಮುನಿಕೃಷ್ಣನ ಮುಖ ನೋಡಿ, ನನ್ನ ಚಪ್ಪಲಿ ನೋಡಿ,
ಮೂಲೆಯಿಂದ ಕಾಲಲ್ಲೇ ತಳ್ಳಿ ತಂದರು ಒಂದು ಡಬ್ಬ:
"ಚಿಂತಾಮಣಿಯವರು ಹೇಳಿದ್ದೊಂದು,
ನಮ್ಮ ಹುಡುಗ ಕಲೆಸಿದ್ದೊಂದು.
ಹತ್ತು ಲೀಟರು. ಅರ್ಧ ಬೆಲೆ ಕೊಡಿ.
ವಾಪಸ್ಸು ಅಂತ ಮಾತ್ರ ಬರಬೇಡಿ."

ಮುಚ್ಚಳ ಎಬ್ಬಿಸಿದೆವು.
ಹಸಿರೂ ಅಲ್ಲ, ಬೂದಿಯೂ ಅಲ್ಲ,
ಹಿಪ್ಪುನೇರಳೆ ಎಲೆಯ ಬೆನ್ನಿಗೆ
ಹಾಲು ಚೆಲ್ಲಿದ ಹಾಗೆ.
ಅತ್ತೆ ತೆಲುಗಿನಲ್ಲಿ ಒಂದು ಮಾತು ಅಂದರು,
ಕನ್ನಡಕ್ಕೆ ತಂದರೆ ಅದರ ಖಾರ ಹೋಗುತ್ತದೆ.

ಎರಡು ಭಾನುವಾರ ಬಳಿದೆವು.
ವಾರವಿಡೀ ಮಾರುಕಟ್ಟೆಯಲ್ಲಿ ಗೂಡು ತೂಗುವವನು
ಬ್ರಷ್ಷಿಗೂ ತೂಕ ಹಾಕಿಯೇ ಅದ್ದಿದ.
ಹಳೆ ಗೋಡೆಗೆ ಏನು ಬಾಯಾರಿಕೆಯೋ,
ಕುಡಿಯಿತು, ಕುಡಿಯಿತು,
ಮೂರು ಗೋಡೆ ಮುಗಿದು ನಾಲ್ಕನೆಯದರ ನಡುವೆ
ಡಬ್ಬದ ತಳ ಕೆರೆಯುವ ಸದ್ದು.

ಬಣ್ಣ ನಿಂತಲ್ಲಿ, ಒಲೆ ಇದ್ದ ಕಡೆ,
ಇದ್ದಿಲಿನ ಗೀಟುಗಳು, ಐದೈದರ ಕಟ್ಟು,
ಕೊನೆಗೆ ವಾರೆ ಅಕ್ಷರದಲ್ಲಿ:
ನೂರಿ ೪೦ ಬಾಕಿ.
"ನೂರ ನಲವತ್ತಾ ಅಮ್ಮ?" ನಿಸರ್ಗ ಕೇಳಿದಳು.
ಅಲ್ಲ ಕಣೆ, ನೂರಿ. ಅದು ಹೆಸರು.
ಅವಳು ಕೊಡಬೇಕಿದ್ದದ್ದೋ
ಅವಳಿಗೆ ಬರಬೇಕಿದ್ದದ್ದೋ
ಗೋಡೆ ಬರೆದುಕೊಂಡಿಲ್ಲ.

ಅದೇ ಬಣ್ಣ ಇನ್ನೊಂದು ಲೀಟರ್ ಕೇಳಿದರೆ
ಶೆಟ್ಟರು ನಕ್ಕರು: "ತಪ್ಪಿಗೆ ಫಾರ್ಮುಲಾ ಇಲ್ಲಮ್ಮ."
ಪ್ಲಾಸ್ಟಿಕ್ ಬಂತೆಂದು ವಿಜಯಪುರದ ರೈತರೊಬ್ಬರು
ಅರವತ್ತಕ್ಕೆ ಕೊಟ್ಟ ಬಿದಿರಿನ ಚಂದ್ರಿಕೆ
ಸೈಕಲ್ಲಿಗೆ ಅಡ್ಡ ಕಟ್ಟಿ ತಂದ ಮುನಿಕೃಷ್ಣ.
ಅಂಚು ಮುರಿದಿತ್ತು, ಸುರುಳಿಯಲ್ಲಿ ಅಲ್ಲಲ್ಲಿ
ಉಸಿರಿಗೆ ಅಲುಗುವಷ್ಟು ರೇಷ್ಮೆಯ ನವಿರು.
ಎರಡು ಮೊಳೆ ಹೊಡೆದು ಬಾಕಿಯ ಮೇಲೆ ತೂಗಿಬಿಟ್ಟ.
ಕಿಟಕಿಗೆ ಸಂತೆಯ ತುಂಡುಬಟ್ಟೆ, ಪಾಲಿಯೆಸ್ಟರ್ ಹೂವು:
ದೇಶಕ್ಕೆಲ್ಲ ರೇಷ್ಮೆ ಕಳಿಸುವ ಊರಿನಲ್ಲಿ
ನಾವೂ ಇದ್ದೇವೆ.

ಹಾಲುಕ್ಕಿದ ದಿನ ಬಂದ ನಾದಿನಿ ರತ್ನಪ್ರಭ
ಮೂಗಿಗೆ ಸೆರಗು ಹಿಡಿದೇ ಒಳಗೆ ಸುತ್ತಿ,
ಹೊರಡುವಾಗ ಗೋಡೆ ಸವರಿ ಕೇಳಿದಳು:
"ಚೆನ್ನಾಗಿದೆ. ಇದರ ನಂಬರ್ ಎಷ್ಟು?"
ನಂಬರಿಲ್ಲ ಅಂದೆ.
ಗುಟ್ಟು ಮಾಡ್ತಾಳೆ ಅಂದುಕೊಂಡಳು.
ಅಂದುಕೊಳ್ಳಲಿ.

ಸಾಹೇಬರಿಗೆ ಫೋನ್ ಮಾಡಿ ಕೇಳಿದ್ದೆ.
"ಯಾವ ನೂರಿ? ನಮ್ಮಲ್ಲಿ ಮೂವರಿದ್ದರಲ್ಲ!"

ರಸೀದಿಯ ಎರಡು ಗೆರೆಯ ಕೆಳಗೆ ಈಗ
ಉಳಿದದ್ದು ನೂರ ಅರವತ್ತೈದು.
ಅದರಲ್ಲಿ ನಲವತ್ತು
ಸಾಸಿವೆ ಡಬ್ಬದಲ್ಲಿ ಬೇರೆ ಇಟ್ಟಿದ್ದೇನೆ.
ಎರಡು ಸಲ ಹಾಲಿಗೆಂದು ತೆಗೆದು
ಮತ್ತೆ ಇಟ್ಟಿದ್ದೇನೆ.